ದೊಡ್ಡ ತುರಚೆ: ಮುಟ್ಟಿದವರು, ಮುಟ್ಟಬೇಕೆಂದಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಾರಣಕ್ಕೆ ಹೋಗಿ ಮೊಣಕಾಲ ಕೆಳಗೆ ಉರಿ ಹತ್ತಿಸಿಕೊಂಡು ಬಂದವರು ಒಂದು ಕಡೆ. ಅಂಗಡಿಯಲ್ಲಿ ನೆಟಲ್ ಟೀ ಡಬ್ಬಿ ನೋಡಿ "ಇದು ನಮ್ಮ ತುರಚೆ ಸೊಪ್ಪೇ ಅಲ್ವಾ, ತೋಟದಲ್ಲೇ ಕೊಯ್ದು ಒಣಗಿಸಿಕೊಳ್ಳಬಹುದಾ" ಅಂತ ಕೇಳುವವರು ಇನ್ನೊಂದು ಕಡೆ. ಇಬ್ಬರಿಗೂ ಸೇರಿಸಿ ಒಂದೇ ಸಲ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಆದರೆ ಎರಡನೇ ಪ್ರಶ್ನೆಯನ್ನು ಮಾತ್ರ ಎಲ್ಲರೂ ಓದಿ, ಗೊಂದಲ ಶುರುವಾಗುವುದೇ ಅಲ್ಲಿ.

ಯಾವ ಗಿಡದ ಬಗ್ಗೆ ಹೇಳ್ತಿದ್ದೀರಿ?

ಜಿರಾರ್ಡಿನಿಯಾ ಡೈವರ್ಸಿಫೋಲಿಯಾ. ಇಂಗ್ಲಿಷಿನಲ್ಲಿ ನೀಲಗಿರಿ ನೆಟಲ್ ಅಂತಲೂ ಹಿಮಾಲಯನ್ ನೆಟಲ್ ಅಂತಲೂ ಕರೆಯುತ್ತಾರೆ. ನೇಪಾಳದಲ್ಲಿ ಇದು ಅಲ್ಲೊ. ನಮ್ಮಲ್ಲಿ ತುರಿಸುವ ಗಿಡ ಯಾವುದಾದರೂ ತುರಚೆ, ತುರಿಕೆ ಗಿಡ, ತುರಿಕೆ ಸೊಪ್ಪು ಅಂತಲೇ ಹೆಸರು. ಹಾಗಾಗಿ ಇಲ್ಲಿ ಇದನ್ನು ದೊಡ್ಡ ತುರಚೆ ಅನ್ನೋಣ.

ದೊಡ್ಡದು ಅಂದದ್ದು ಸುಮ್ನೆ ಅಲ್ಲ. ಒಳ್ಳೆ ತೇವ, ಒಳ್ಳೆ ಮಣ್ಣು ಸಿಕ್ಕರೆ ಎರಡರಿಂದ ಮೂರು ಮೀಟರ್ ಎತ್ತರಕ್ಕೆ ಹೋಗುತ್ತದೆ, ಆಳುದ್ದಕ್ಕಿಂತ ಜಾಸ್ತಿ. ಅಂಗೈಗಿಂತ ಅಗಲವಾದ ಎಲೆ, ಅಂಚಿನಲ್ಲಿ ದೊಡ್ಡ ದೊಡ್ಡ ಹಲ್ಲು. ಎಷ್ಟೋ ಗಿಡಗಳಲ್ಲಿ ಎಲೆ ಮೂರು, ಐದು ಸೀಳಾಗಿರುತ್ತದೆ. ಒಂದೇ ಜಾತಿಯಾದರೂ ಎಲೆಯ ಆಕಾರ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ, ಅದಕ್ಕೇ ಹಳೆ ಸಸ್ಯಶಾಸ್ತ್ರಿಗಳು ಇದಕ್ಕೆ ನಾಲ್ಕಾರು ಬೇರೆ ಬೇರೆ ಹೆಸರು ಇಟ್ಟು ಹೋಗಿದ್ದಾರೆ.

ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರ್ ಮೇಲಿನ ತಂಪು ಕಾಡು ಇದರ ಜಾಗ. ನೀಲಗಿರಿ, ಕೊಡಗು, ಚಿಕ್ಕಮಗಳೂರಿನ ಬೆಟ್ಟಸಾಲು, ಶ್ರೀಲಂಕಾ, ಹಿಮಾಲಯದ ಮಧ್ಯದ ಎತ್ತರ, ಚೀನಾ, ಜಾವಾ. ಆ ಕಡೆ ಇಥಿಯೋಪಿಯಾ, ಕೀನ್ಯಾ, ಮಡಗಾಸ್ಕರ್ ತನಕ ಇದೆ. ದಟ್ಟ ಕಾಡಿನ ನಡುವೆ ಕಡಿಮೆ. ಹಳ್ಳದ ದಂಡೆ, ಮರ ಬಿದ್ದು ಬೆಳಕು ಬಿದ್ದ ಜಾಗ, ಕಾಡುದಾರಿಯ ಅಂಚು, ಅಂದರೆ ನೀವು ನಡೆಯುವ ಕಡೆಯೇ ಜಾಸ್ತಿ.

ನಮ್ಮ ಹಿತ್ತಲಲ್ಲಿ ಇರುವ ತುರಿಕೆ ಬಳ್ಳಿ ಇದೇನಾ? ನಸುಗುನ್ನಿ?

ಎರಡೂ ಅಲ್ಲ. ಕರ್ನಾಟಕದಲ್ಲಿ ತುರಿಸುವ ಗಿಡಗಳು ಕನಿಷ್ಠ ಐದಿವೆ. ಎಲ್ಲವೂ ಒಂದೇ ಕುಟುಂಬದ್ದಲ್ಲ, ತುರಿಸುವ ವಿಧಾನವೂ ಒಂದೇ ಅಲ್ಲ, ಮದ್ದೂ ಒಂದೇ ಅಲ್ಲ.

ಬೇಲಿಗೆ ಸುತ್ತಿಕೊಂಡು ಹಬ್ಬುವ ತುರಚಿ ಬಳ್ಳಿ ಟ್ರಾಜಿಯಾ. ಅದು ಹರಳೆಣ್ಣೆ ಗಿಡದ ಕುಟುಂಬದ್ದು, ಕಾಯಿ ಮೂರು ಭಾಗವಾಗಿರುತ್ತದೆ. ಅದರ ರೋಮದೊಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತದೆ, ಅದೇ ಚರ್ಮಕ್ಕೆ ಚುಚ್ಚುವುದು. ನಸುಗುನ್ನಿ ಅವರೆಯ ಕಡೆಯದು. ಅದರಲ್ಲಿ ತುರಿಸುವುದು ಕಾಯಿಯ ಮೇಲಿನ ಕಂದು ಸುಂಕು. ಆ ಸುಂಕಿನಲ್ಲಿರುವ ಒಂದು ಪ್ರೋಟೀನು ತುರಿಕೆ ಎಬ್ಬಿಸುತ್ತದೆ, ಅದಕ್ಕೆ ಅಲರ್ಜಿ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಮಳೆಗಾಲದಲ್ಲಿ ತೋಟದಲ್ಲಿ, ಮನೆ ಸುತ್ತ ಮೊಣಕಾಲುದ್ದ ಬೆಳೆದು ಬೇಸಿಗೆಗೆ ಒಣಗಿಹೋಗುವ ಮೆದು ಗಿಡ ಲಪೋರ್ಟಿಯಾ ಇಂಟರಪ್ಟಾ. ಅದರದ್ದು ಸ್ವಲ್ಪ ಹೊತ್ತಿನ ಚುರುಚುರು, ಅಷ್ಟೇ.

ಐದನೆಯದ್ದಕ್ಕೆ ಮಾತ್ರ ಹೆದರಬೇಕು. ನಿತ್ಯಹರಿದ್ವರ್ಣ ಕಾಡಿನೊಳಗೆ ಪೊದೆಯಾಗಿ, ಒಮ್ಮೊಮ್ಮೆ ಚಿಕ್ಕ ಮರವಾಗಿ ಬೆಳೆಯುವ ಡೆಂಡ್ರೊಕ್ನೈಡ್ ಸಿನುವಾಟಾ. ಮಲಯಾಳದಲ್ಲಿ ಅದಕ್ಕೆ ಆನವಿರಟ್ಟಿ ಅನ್ನುತ್ತಾರೆ, ಆನೆಯನ್ನೂ ಹೆದರಿಸುವಂಥದ್ದು. ಎಲೆ ನೋಡಲು ನಯ, ಹೊಳಪು. ಚುಚ್ಚುವಂಥ ಗಿಡ ಅಂತ ಅನ್ನಿಸುವುದೇ ಇಲ್ಲ. 1816ರಿಂದ ಕೆಲವು ವರ್ಷ ಭಾರತದಲ್ಲಿ ಸಸ್ಯ ಸಂಗ್ರಹಿಸಿದ ಫ್ರೆಂಚ್ ಸಸ್ಯಶಾಸ್ತ್ರಿ ಲೆಶನೊ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಇದರ ಎಲೆಗೆ ಎಡಗೈಯ ಬೆರಳು ತಾಗಿಸಿಕೊಂಡ. ಮೊದಲು ಸಣ್ಣಗೆ ಚುಚ್ಚಿದ ಹಾಗೆ ಮಾತ್ರ ಆಯಿತು, ಅವನು ಗಮನಿಸಲೂ ಇಲ್ಲ. ಒಂದು ಗಂಟೆಯಲ್ಲಿ ತಡೆಯಲಾರದ ನೋವು. ಆಮೇಲೆ ಕೈ ನೀರಿಗೆ ಹಾಕಿದರೆ ನೋವು ಮರಳಿ ಬರುತ್ತಿತ್ತು, ಪೂರ್ತಿ ಹೋಗಲು ಒಂಬತ್ತು ದಿನ ಬೇಕಾಯಿತು ಅಂತ ಅವನೇ ಬರೆದಿಟ್ಟಿದ್ದಾನೆ. ನೀಲಗಿರಿಯ ದೊಡ್ಡ ತುರಚೆಯ ಹಿಂದಿನ ವೈಜ್ಞಾನಿಕ ಹೆಸರಿನಲ್ಲೂ ಇವನ ಹೆಸರೇ ಇತ್ತು, ತಮಾಷೆ ಅಂದರೆ ಇದು.

ಹಾಗಾಗಿ "ತುರಚೆ ತಾಗಿತು, ಏನು ಮಾಡಲಿ" ಅಂತ ಕೇಳುವ ಮೊದಲು ಯಾವ ತುರಚೆ ಅಂತ ನೋಡಿಕೊಳ್ಳಿ. ಸಾಧ್ಯವಾದರೆ ಗಿಡದ ಫೋಟೋ ತೆಗೆಯಿರಿ, ನಿಮ್ಮ ಕಾಲಿನದ್ದಲ್ಲ.

ಗುರುತು ಹಿಡಿಯುವುದು ಹೇಗೆ?

ದೂರದಿಂದ ಎಲೆ ನೋಡಿ, ಹತ್ತಿರದಿಂದ ಕಾಂಡ ನೋಡಿ. ದೊಡ್ಡ ತುರಚೆಯ ಕಾಂಡದಲ್ಲಿ ನೇರವಾಗಿ ನಿಂತ ಬಿಳಿ ಮುಳ್ಳುರೋಮ ಬರಿಗಣ್ಣಿಗೆ ಕಾಣುತ್ತದೆ, ಬಿಸಿಲಿಗೆ ಹಿಡಿದರೆ ಗಾಜಿನ ಎಳೆಯ ಥರ ಮಿಂಚುತ್ತದೆ. ಎಲೆಗಳು ಒಂದು ಈ ಕಡೆ ಒಂದು ಆ ಕಡೆ ಬರುತ್ತವೆ, ಎದುರುಬದುರಾಗಿ ಅಲ್ಲ. ಯುರೋಪಿನ, ಹಿಮಾಲಯದ ಮಾಮೂಲಿ ನೆಟಲ್ ಆದ ಅರ್ಟಿಕಾದಲ್ಲಿ ಎಲೆ ಎದುರುಬದುರು ಇರುತ್ತದೆ. ಇಷ್ಟು ಗೊತ್ತಿದ್ದರೆ ಇಂಟರ್‌ನೆಟ್ಟಿನ ಅರ್ಧ ತಪ್ಪು ಫೋಟೋಗಳನ್ನು ನೀವೇ ಹಿಡಿಯಬಹುದು. ಮಳೆ ಮುಗಿದ ಮೇಲೆ ಹೆಣ್ಣು ಹೂಗೊಂಚಲು ಕಾಯಾಗುತ್ತದೆ. ಆ ಗೊಂಚಲಿನ ತುಂಬ ಒತ್ತೊತ್ತಾಗಿ ಹಳದಿ ಬಿಳಿ ಮುಳ್ಳುರೋಮ ಇರುತ್ತದೆ, ಗಿಡದಲ್ಲೇ ಅತಿ ಕೆಟ್ಟ ಭಾಗ ಅದು. ಅಲ್ಲಿಗೆ ಕೈ ಹಾಕಬೇಡಿ.

ಮುಟ್ಟಿದ ತಕ್ಷಣ ಅಷ್ಟು ಉರಿ ಯಾಕೆ?

ಪ್ರತಿ ರೋಮವೂ ಒಂದು ಸಣ್ಣ ಇಂಜೆಕ್ಷನ್ ಸೂಜಿ. ತುದಿ ಸಿಲಿಕಾದ್ದು, ಅಂದರೆ ಗಾಜಿನ ಜಾತಿಯದ್ದು, ಬುಡದಲ್ಲಿ ರಸ ತುಂಬಿದ ಉಬ್ಬು. ತಾಗಿದ ಕೂಡಲೇ ತುದಿ ಓರೆಯಾಗಿ ಮುರಿಯುತ್ತದೆ, ಮುರಿದ ಚೂಪು ಚರ್ಮಕ್ಕೆ ಇಳಿಯುತ್ತದೆ, ಬುಡ ಅದುಮಿ ರಸ ಒಳಗೆ ಹೋಗುತ್ತದೆ. ಇದೆಲ್ಲ ನೀವು "ಅಯ್ಯೋ" ಅನ್ನುವುದರೊಳಗೆ ಮುಗಿದಿರುತ್ತದೆ.

ಇರುವೆ ಕಚ್ಚಿದಾಗಿನ ಫಾರ್ಮಿಕ್ ಆಮ್ಲವೇ ಇದರಲ್ಲೂ ಇದೆ ಅಂತ ಶಾಲೆಯಲ್ಲಿ ಓದಿರುತ್ತೀರಿ. ಅದು ಹಳೆ ಮಾತು, ಪೂರ್ತಿ ಕಥೆಯಲ್ಲ. ನೆಟಲ್ ರಸದಲ್ಲಿ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಇದೆ ಅಂತ 1940ರ ದಶಕದಲ್ಲೇ ತೋರಿಸಿದ್ದಾರೆ. ಆಮೇಲೆ ಸೆರೊಟೊನಿನ್ ಕೂಡ ಸೇರಿತು. ತೈವಾನಿನ ಒಂದು ನೆಟಲ್‌ನಲ್ಲಿ ನೋವು ಎಳೆಯುವಂತೆ ಮಾಡುವುದು ಆಕ್ಸಾಲಿಕ್ ಮತ್ತು ಟಾರ್ಟಾರಿಕ್ ಆಮ್ಲ ಅಂತ ಕಂಡುಬಂದಿದೆ. ಉರಿ ಒಂದರಿಂದ, ದದ್ದು ಇನ್ನೊಂದರಿಂದ, ಗಂಟೆಗಟ್ಟಲೆ ಉಳಿಯುವ ಜುಮುಜುಮು ಮತ್ತೊಂದರಿಂದ.

ತಾಗಿತು. ಈಗ ಏನು ಮಾಡಲಿ?

ಮೊದಲನೆಯದಾಗಿ ಉಜ್ಜಬೇಡಿ. ಕೈ ತಾನೇ ಅಲ್ಲಿಗೆ ಹೋಗುತ್ತದೆ, ಗೊತ್ತು, ಆದರೂ ಬೇಡ. ಚರ್ಮದ ಮೇಲೆ ಮುರಿಯದೆ ಉಳಿದ ರೋಮಗಳನ್ನು ನೀವೇ ಒಳಗೆ ತಳ್ಳಿದ ಹಾಗಾಗುತ್ತದೆ. ಬ್ಯಾಗಿನಲ್ಲಿ ಅಂಟುವ ಟೇಪ್ ಅಥವಾ ಬ್ಯಾಂಡೇಜ್ ಪ್ಲಾಸ್ಟರ್ ಇದ್ದರೆ ಮೆತ್ತಗೆ ಅಂಟಿಸಿ ಕಿತ್ತು ತೆಗೆಯಿರಿ, ಎರಡು ಮೂರು ಸಲ ಹೊಸ ತುಂಡಿನಿಂದ. ಆಮೇಲೆ ಸಾಬೂನು ಹಚ್ಚಿ ತಣ್ಣೀರಿನಲ್ಲಿ ತೊಳೆಯಿರಿ, ಒದ್ದೆ ಬಟ್ಟೆ ಇಡಿ. ದದ್ದು, ತುರಿಕೆ ಜಾಸ್ತಿ ಇದ್ದರೆ ಅಲರ್ಜಿ ಮಾತ್ರೆ ಸ್ವಲ್ಪ ಕೆಲಸ ಮಾಡುತ್ತದೆ, ಮೊದಲ ಉರಿಗೆ ಅಲ್ಲ.

ಸಗಣಿ, ಮಜ್ಜಿಗೆ, ಸುಣ್ಣ, ಕೊಬ್ಬರಿ ಎಣ್ಣೆ, ಕೆಸರು, ಪಕ್ಕದಲ್ಲಿ ಬೆಳೆದ ಯಾವುದೋ ಸೊಪ್ಪಿನ ರಸ: ಊರಿಗೊಂದು ಮದ್ದು. ತಂಪಾದ್ದು ಯಾವುದು ಹಚ್ಚಿದರೂ ಸ್ವಲ್ಪ ಹಾಯೆನಿಸುತ್ತದೆ, ಜೊತೆಗೆ ಹೆಚ್ಚಿನವರಿಗೆ ಅರ್ಧ ದಿನದೊಳಗೆ ಅದು ತಾನಾಗಿಯೇ ಇಳಿಯುತ್ತದೆ, ಹಾಗಾಗಿ ಎಲ್ಲ ಮದ್ದಿಗೂ ಹೆಸರು ಬಂದಿದೆ. ಮಜ್ಜಿಗೆ ಹಚ್ಚಿದರೆ ನಷ್ಟ ಏನಿಲ್ಲ. ಸುಣ್ಣ ಬೇಡ, ಚರ್ಮ ಸುಡುತ್ತದೆ. ಗೀರಿದ ಗಾಯ ಇದ್ದರೆ ಸಗಣಿ ಅಂತೂ ಬೇಡವೇ ಬೇಡ.

ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದ ಹಾಗಾದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ಮನೆಮದ್ದಿನ ಮಾತೇ ಇಲ್ಲ, ಹತ್ತಿರದ ಆಸ್ಪತ್ರೆಗೆ ಹೊರಡಿ. ಕಣ್ಣಿಗೆ ತಾಗಿದರೂ ಅಷ್ಟೇ.

ಚಾರಣದಲ್ಲಿ ತಪ್ಪಿಸಿಕೊಳ್ಳುವುದು ಹೇಗೆ?

ತೆಳು ಲೆಗ್ಗಿಂಗ್ಸ್ ಸಾಲದು, ರೋಮ ಅದನ್ನು ದಾಟಿ ಚುಚ್ಚುತ್ತದೆ. ದಪ್ಪ ಪ್ಯಾಂಟು, ಉದ್ದ ತೋಳು. ಇಳಿಜಾರಿನಲ್ಲಿ ಜಾರಿದಾಗ ಕೈಗೆ ಸಿಕ್ಕಿದ ಗಿಡ ಹಿಡಿಯುವ ಅಭ್ಯಾಸ ಬಿಡಿ, ಅಂಗೈಗೆ ತಾಗುವುದು ಹೆಚ್ಚಾಗಿ ಹಾಗೇ. ಮುಂದೆ ಹೋಗುವವರು ಕೋಲಿನಿಂದ ಗಿಡ ಬಗ್ಗಿಸಿ ದಾರಿ ಮಾಡಿ ಬಿಟ್ಟುಬಿಟ್ಟರೆ ಅದು ಚಿಮ್ಮಿ ಹಿಂದಿನವರ ಮುಖಕ್ಕೆ ಬರುತ್ತದೆ. ಸ್ನೇಹ ಉಳಿಯಬೇಕಾದರೆ ಅದನ್ನು ಮಾಡಬೇಡಿ.

ಒಣಗಿದ ಗಿಡ ಚುಚ್ಚುತ್ತದಾ?

ಚುಚ್ಚುತ್ತದೆ. ಬಾಡಿದರೆ ಸ್ವಲ್ಪ ಮೆತ್ತಗಾಗುತ್ತದೆ ನಿಜ, ಆದರೆ ಒಣ ರೋಮವೂ ಮುರಿದು ಒಳಗೆ ಹೋಗುತ್ತದೆ. ನೆಟಲ್ ಕುಟುಂಬದ ಕೆಲವು ಗಿಡಗಳು ಸಂಗ್ರಹಾಲಯದ ಕಾಗದದ ಮೇಲೆ ದಶಕಗಟ್ಟಲೆ ಇದ್ದ ಮೇಲೂ ಚುಚ್ಚಿದ್ದಿದೆ. ಕುದಿಸಿದರೆ, ಬೇಯಿಸಿದರೆ ಮಾತ್ರ ಆಟ ಮುಗಿಯುತ್ತದೆ.

ಇದರಿಂದ ಬಟ್ಟೆ ಮಾಡ್ತಾರೆ ಅಂತಾರಲ್ಲ, ನಿಜಾನಾ?

ನಿಜ. ನನ್ನ ಪ್ರಕಾರ ಈ ಗಿಡದ ಬಗ್ಗೆ ಮಾತಾಡಬೇಕಾದ ಮುಖ್ಯ ವಿಷಯ ಇದೇ. ಟೀ, ಪುಡಿ ಎಲ್ಲ ಆಮೇಲೆ.

ಕಾಂಡದ ತೊಗಟೆಯಲ್ಲಿ ಉದ್ದವಾದ, ಗಟ್ಟಿಯಾದ, ರೇಷ್ಮೆಯ ಹಾಗೆ ಸ್ವಲ್ಪ ಹೊಳೆಯುವ ನಾರಿದೆ. ಪೂರ್ವ ನೇಪಾಳದ ಸಂಖುವಾಸಭಾ ಜಿಲ್ಲೆಯ ರಾಯ್ ಜನ, ಪಶ್ಚಿಮದ ಕಡೆ ಗುರುಂಗರು ಇದರಿಂದ ತಲೆತಲಾಂತರದಿಂದ ಹಗ್ಗ, ಮೀನಿನ ಬಲೆ, ಚೀಲ, ಬೆನ್ನ ಮೇಲೆ ಹೊರೆ ಹೊರಲು ಹಣೆಗೆ ಕಟ್ಟುವ ಪಟ್ಟಿ, ಮೈಗೆ ಹೊದೆಯುವ ಬಟ್ಟೆ ಎಲ್ಲ ಮಾಡಿಕೊಂಡು ಬಂದಿದ್ದಾರೆ. ನಾಗಾಲ್ಯಾಂಡಿನ ಕೆಲವು ಸಮುದಾಯಗಳಲ್ಲೂ ನೆಟಲ್ ನಾರಿನ ಶಾಲು ನೇಯುವ ಪದ್ಧತಿ ಇದೆ.

ಮಳೆ ನಿಂತ ಮೇಲೆ ಕೊಯ್ಲು. ಕೈಗೆ ಬಟ್ಟೆ ಸುತ್ತಿಕೊಂಡು, ಕುಡುಗೋಲಿನಲ್ಲಿ ಬುಡದಿಂದ ಸ್ವಲ್ಪ ಮೇಲೆ ಕತ್ತರಿಸುತ್ತಾರೆ. ಬೇರು ಕೀಳುವುದಿಲ್ಲ, ಮುಂದಿನ ಮಳೆಗೆ ಅದೇ ಬುಡ ಚಿಗುರಬೇಕಲ್ಲ. ಎಲೆ, ಮುಳ್ಳುರೋಮ ಸವರಿ ತೆಗೆದು ಹಸಿ ತೊಗಟೆಯನ್ನು ಸುಲಿದು ಒಣಗಿಸುತ್ತಾರೆ. ಒಣಗಿದ್ದನ್ನು ಒಲೆಬೂದಿ ಕಲಸಿದ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಬೇಕು. ನಾರಿಗೆ ಅಂಟಿಕೊಂಡಿರುವ ಗೋಂದು ಬಿಡುವುದು ಬೂದಿಯ ಕ್ಷಾರಕ್ಕೆ. ಆಮೇಲೆ ಮರದ ಕೊಡತಿಯಿಂದ ಬಡಿದು, ಹರಿಯುವ ನೀರಿನಲ್ಲಿ ತೊಳೆದು, ಮತ್ತೆ ಬಡಿದು, ಮತ್ತೆ ತೊಳೆದು. ಇಷ್ಟಾದರೂ ನಾರು ಒಂದಕ್ಕೊಂದು ಅಂಟಿ ಮುದ್ದೆಯಾಗಿಯೇ ಇರುತ್ತದೆ. ಅದಕ್ಕೆ ಬಿಳಿ ಮಣ್ಣು ಹಚ್ಚಿ ಒಣಗಿಸಿ ಉದುರಿಸುತ್ತಾರೆ, ಆಗ ಎಳೆ ಎಳೆಯಾಗಿ ಬಿಡುತ್ತದೆ. ನೂಲುವುದು ಕೈಕದಿರಿನಲ್ಲಿ, ಹೆಂಗಸರು ದಾರಿ ನಡೆಯುತ್ತಲೇ, ದನ ಕಾಯುತ್ತಲೇ ನೂಲುತ್ತಾರೆ.

ಓದಿದರೇ ಸುಸ್ತಾಗುತ್ತದೆ ಅಲ್ವಾ? ನೆಟಲ್ ಬಟ್ಟೆ ಯಾಕೆ ದುಬಾರಿ ಅಂತ ಕೇಳುವವರಿಗೆ ಇದೇ ಉತ್ತರ. ಗಿಡ ಕಾಡಿನಲ್ಲಿ ಬಿಟ್ಟಿ ಸಿಗುತ್ತದೆ, ದುಡ್ಡು ಕೊಡಬೇಕಾದ್ದು ಕೈಕೆಲಸಕ್ಕೆ. 1980ರ ದಶಕದಿಂದ ನೇಪಾಳದಲ್ಲಿ ಇದಕ್ಕೆ ಉಣ್ಣೆ, ಹತ್ತಿ ಬೆರೆಸಿ ಕೋಟಿನ ಬಟ್ಟೆ, ಶಾಲು ನೇಯುವುದು ಶುರುವಾಗಿ ಹಳ್ಳಿಯ ಹೆಂಗಸರಿಗೆ ಒಂದಿಷ್ಟು ಆದಾಯ ಬಂದಿದೆ. ಮೊದಲ ಸಲ ಹಾಕಿದಾಗ ಸ್ವಲ್ಪ ಒರಟು, ತೊಳೆದ ಹಾಗೆಲ್ಲ ಮೆತ್ತಗಾಗುತ್ತದೆ. ತುರಿಸುತ್ತದಾ ಅಂತ ಕೇಳಬೇಡಿ, ಅಷ್ಟು ಕುದಿಸಿ ಬಡಿದ ಮೇಲೆ ಅದರಲ್ಲಿ ತುರಿಸುವುದು ಏನೂ ಉಳಿಯುವುದಿಲ್ಲ.

ನಮ್ಮ ಕಡೆ ಯಾರೂ ನಾರು ತೆಗೆಯುತ್ತಿರಲಿಲ್ವಾ?

ನೀಲಗಿರಿಯಲ್ಲಿ ತೆಗೆಯುತ್ತಿದ್ದರು. ಅಲ್ಲಿನ ಬುಡಕಟ್ಟು ಜನರಾದ ತೋಡರು ಈ ಗಿಡ ಬೇಯಿಸಿ ನಾರು ಬಿಡಿಸಿ ದಪ್ಪ ದಾರ ಮಾಡುತ್ತಿದ್ದರು ಅಂತ 19ನೇ ಶತಮಾನದ ಮಧ್ಯದ ಬ್ರಿಟಿಷ್ ಬರಹಗಳಲ್ಲಿದೆ. ನಾರು ನೋಡಿ ಬ್ರಿಟಿಷರಿಗೆ ಆಸೆ ಹುಟ್ಟಿತು. ಊಟಿಯ ಸರ್ಕಾರಿ ಉದ್ಯಾನ ನೋಡಿಕೊಳ್ಳುತ್ತಿದ್ದ ಮೆಕೈವರ್ ಇದನ್ನು ಬೆಳೆಸಿಯೂ ನೋಡಿದರು. ಅದು ದೊಡ್ಡ ಬೆಳೆಯಾಗಿ ನಿಲ್ಲಲಿಲ್ಲ. ಕಾಫಿ, ಟೀ, ಸಿಂಕೋನಾ ನಡುವೆ ಕೈ ಸುಡುವ ಈ ಗಿಡ ಯಾರಿಗೆ ಬೇಕು? ಇದೇ ಕುಟುಂಬದ, ಚುಚ್ಚದ ಗಿಡವಾದ ರೇಮಿ ಇರುವಾಗ ನಾರಿನ ವ್ಯಾಪಾರಿಗಳೂ ಆ ಕಡೆಗೇ ಹೋದರು.

ಮಲೆನಾಡಿನಲ್ಲಿ ಇದರ ಮುಖ್ಯ ಉಪಯೋಗ ಮಕ್ಕಳನ್ನು ಹೆದರಿಸುವುದು. "ತುರಚೆ ಸೊಪ್ಪು ಸವರ್ತೀನಿ ನೋಡು" ಅನ್ನುವ ಮಾತು ಕೇಳದೆ ಬೆಳೆದವರು ಕಡಿಮೆ. ನಾರಿನ ಕಡೆ ಈಗಲಾದರೂ ಯಾರಾದರೂ ತಿರುಗಿ ನೋಡಬೇಕು ಅಂತ ನನ್ನ ಆಸೆ.

ತಿನ್ನಬಹುದಾ?

ಎಳೆ ಕುಡಿಯನ್ನು ಬೇಯಿಸಿ ತಿನ್ನಬಹುದು, ನೇಪಾಳದಲ್ಲಿ ತಿನ್ನುತ್ತಾರೆ. ಆದರೆ ಅಲ್ಲಿ ದಿನನಿತ್ಯದ ಸೊಪ್ಪು ಇದಲ್ಲ, ಸಿಸ್ನು, ಅಂದರೆ ಅರ್ಟಿಕಾ. ಅದನ್ನು ಸಾರಿನ ಹಾಗೆ ಕುದಿಸಿ ಹಿಟ್ಟಿನ ಮುದ್ದೆ ಜೊತೆ ಉಣ್ಣುತ್ತಾರೆ, ನಮ್ಮ ಸೊಪ್ಪಿನ ಸಾರು ಮುದ್ದೆಗೆ ಸಮ. ಉತ್ತರಾಖಂಡದಲ್ಲಿ ಅದರದ್ದೇ ಪಲ್ಯ. ಕೀನ್ಯಾದ ಬೆಟ್ಟಗಳಲ್ಲಿ ಅರ್ಟಿಕಾ ಮಸ್ಸೈಕಾ ಅನ್ನುವ ನೆಟಲ್ ಇದೆ, ಕಿಕುಯು ಜನ ಅದರ ಸೊಪ್ಪನ್ನು ಆಲೂಗಡ್ಡೆ, ಮೆಕ್ಕೆಜೋಳದ ಜೊತೆ ಬೇಯಿಸಿ ಮಸೆದು ಮುಕಿಮೋ ಮಾಡುತ್ತಾರೆ. ಕೇರಳದಲ್ಲಿ ಕರ್ಕಾಟಕ ತಿಂಗಳ ಹತ್ತೆಲೆ ಪಲ್ಯಕ್ಕೂ ಚುಚ್ಚುವ ಸೊಪ್ಪು ಸೇರುವುದುಂಟು.

ಮಾಡುವುದಾದರೆ ಹೀಗೆ: ರಬ್ಬರ್ ಕೈಗವಸು ಹಾಕಿಕೊಂಡು ಹೂ ಬಿಡುವ ಮೊದಲಿನ ತುದಿಯ ನಾಲ್ಕೆಲೆ ಮಾತ್ರ ಕೊಯ್ಯಿರಿ. ಇಕ್ಕಳದಲ್ಲಿ ಹಿಡಿದು ತೊಳೆದು, ಕುದಿಯುವ ನೀರಿಗೆ ಹಾಕಿ ನಾಲ್ಕೈದು ನಿಮಿಷ ಬೇಯಿಸಿ ಆ ನೀರು ಚೆಲ್ಲಿ. ಬೆಂದ ಸೊಪ್ಪನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ರುಚಿ ಬಸಳೆಗಿಂತ ಗಟ್ಟಿ, ಸ್ವಲ್ಪ ಹಸಿ ವಾಸನೆ ಇರುತ್ತದೆ, ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದರೆ ಸರಿಹೋಗುತ್ತದೆ. ಬಲಿತ ಎಲೆ ಬೇಡ. ಅದರಲ್ಲಿ ಸುಣ್ಣದ ಸಣ್ಣ ಕಣಗಳು ಜಾಸ್ತಿ, ಮೂತ್ರದ ದಾರಿಗೆ ಕಿರಿಕಿರಿ. ಕಿಡ್ನಿ ಕಲ್ಲು ಇದ್ದವರು ಈ ಸೊಪ್ಪಿನ ಸಹವಾಸಕ್ಕೇ ಬರಬೇಡಿ.

ಆನವಿರಟ್ಟಿಯನ್ನು ಮಾತ್ರ ಅಡುಗೆಮನೆಗೆ ತರಬೇಡಿ. ಗುರುತು ಪಕ್ಕಾ ಇಲ್ಲದಿದ್ದರೆ ಯಾವುದನ್ನೂ ತರಬೇಡಿ.

ತುಂಬಾ ಪೌಷ್ಟಿಕ ಅಂತಾರೆ?

ಸೊಪ್ಪಿನ ಲೆಕ್ಕದಲ್ಲಿ ಒಳ್ಳೆಯದೇ. ಅರ್ಟಿಕಾದ ಬೆಂದ ಸೊಪ್ಪು 100 ಗ್ರಾಂನಲ್ಲಿ ಸುಮಾರು 480 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದು ಬಹಳ ಆಯಿತು. ಕಬ್ಬಿಣ ಮಾತ್ರ 1.6 ಮಿಲಿಗ್ರಾಂ ಆಸುಪಾಸು, ಜಾಹೀರಾತಿನವರು ಕೂಗುವಷ್ಟಿಲ್ಲ. ಈ ಅಂಕಿಗಳು ಅರ್ಟಿಕಾದ್ದು, ದೊಡ್ಡ ತುರಚೆಯದ್ದಲ್ಲ. ನುಗ್ಗೆಸೊಪ್ಪು ಕೈಗೆಟುಕುವಷ್ಟು ಹತ್ತಿರ ಇರುವಾಗ ಬರೀ ಪೌಷ್ಟಿಕಾಂಶಕ್ಕಾಗಿ ಕೈ ಸುಟ್ಟುಕೊಳ್ಳುವುದು ನನಗಂತೂ ಅರ್ಥವಾಗುವುದಿಲ್ಲ.

ಮಂಡಿನೋವಿಗೆ ಹೊಡೆದುಕೊಂಡರೆ ವಾಸಿಯಾಗುತ್ತದಂತೆ?

ನೆಟಲ್ ಸೊಪ್ಪಿನಿಂದ ನೋವಿನ ಜಾಗಕ್ಕೆ ಬಡಿಯುವುದು ಯುರೋಪಿನಲ್ಲೂ ಹಳೆ ಪದ್ಧತಿ. 2000ದಲ್ಲಿ ಬ್ರಿಟನ್ನಿನಲ್ಲಿ ಹೆಬ್ಬೆರಳ ಬುಡದ ಸಂಧಿನೋವಿದ್ದ 27 ಜನರ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು, ನೋವು ಸ್ವಲ್ಪ ಕಡಿಮೆಯಾಗಿದ್ದು ಕಂಡಿತು. ಆದರೆ ಅದು ಅರ್ಟಿಕಾ, ಜನ 27, ಜಾಗ ಹೆಬ್ಬೆರಳು. ಅದನ್ನೇ ಎಳೆದು ತಂದು ಅಜ್ಜಿಯ ಮಂಡಿಗೆ ದೊಡ್ಡ ತುರಚೆ ಬಡಿಯುವುದು ಬೇಡ. ಇದರ ರೋಮ ಇನ್ನೂ ಉದ್ದ, ಉರಿಯೂ ಜಾಸ್ತಿ.

ಗಂಡಸರ ಪ್ರಾಸ್ಟೇಟ್ ಊತಕ್ಕೆ ಜರ್ಮನಿಯಲ್ಲಿ ಕೊಡುವ ನೆಟಲ್ ಬೇರಿನ ಔಷಧಿಯೂ ಅರ್ಟಿಕಾದ್ದೇ. ರಕ್ತ ತೆಳು ಮಾಡುವ ಮಾತ್ರೆ, ಬಿಪಿ ಅಥವಾ ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ನೆಟಲ್ ಟೀ, ಪುಡಿ ಯಾವುದನ್ನೂ ಶುರುಮಾಡಬೇಡಿ.

ಪ್ರಾಣಿಗಳು ಇದನ್ನು ಮುಟ್ಟುತ್ತವಾ?

ಇಂಡಿಯನ್ ರೆಡ್ ಅಡ್ಮಿರಲ್ ಅನ್ನುವ ಕಪ್ಪು ಕಿತ್ತಳೆ ಚಿಟ್ಟೆ ಮೊಟ್ಟೆ ಇಡುವುದೇ ನೆಟಲ್ ಕುಟುಂಬದ ಗಿಡಗಳ ಮೇಲೆ. ದಕ್ಷಿಣದ ಎತ್ತರದ ಬೆಟ್ಟಗಳಲ್ಲಿ ದೊಡ್ಡ ತುರಚೆಯೇ ಅದಕ್ಕೆ ಊಟ. ಹುಳು ಎಲೆಯ ಅಂಚುಗಳನ್ನು ರೇಷ್ಮೆ ಎಳೆಯಿಂದ ಹೊಲಿದು, ಮಡಿಕೆಯೊಳಗೆ ಕೂತು ಆ ಮನೆಯನ್ನೇ ತಿನ್ನುತ್ತದೆ. ಮಡಚಿದ ಎಲೆ ಕಂಡರೆ ಒಳಗೆ ಯಾರೋ ಇದ್ದಾರೆ ಅಂತ ಲೆಕ್ಕ.

ಆಫ್ರಿಕಾದ ವಿರುಂಗಾ ಬೆಟ್ಟಗಳ ಗೊರಿಲ್ಲಾಗಳದ್ದು ಇನ್ನೂ ಜಾಣತನ. ಅಲ್ಲಿನ ನೆಟಲ್‌ನ ಕಾಂಡವನ್ನು ಕೆಳಗಿಂದ ಮೇಲಕ್ಕೆ ಸವರಿ ಎಲೆಯ ಕಟ್ಟು ಮಾಡಿ, ಹೆಚ್ಚು ಚುಚ್ಚುವ ತೊಟ್ಟುಗಳನ್ನು ತಿರುಚಿ ಬಿಸಾಡಿ, ಉಳಿದದ್ದನ್ನು ಮಡಚಿ, ಒಂದೇ ಒಂದು ಎಲೆಯ ಅಡಿಭಾಗ ಮಾತ್ರ ಹೊರಗೆ ಕಾಣುವ ಹಾಗೆ ಪೊಟ್ಟಣ ಮಾಡಿ ಬಾಯಿಗೆ ಹಾಕಿಕೊಳ್ಳುತ್ತವೆ. ನಮ್ಮ ವೀಳ್ಯದೆಲೆ ಮಡಚುವ ಅಜ್ಜಂದಿರು ಕೂಡ ಮೆಚ್ಚಬೇಕು.

ಕಾಡಿನಿಂದ ಕೊಯ್ದು ತರಬಹುದಾ? ಮನೆಯಲ್ಲಿ ಬೆಳೆಸಬಹುದಾ?

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳೊಳಗಿಂದ ಒಂದು ಎಲೆಯನ್ನೂ ತರಬೇಡಿ, 1972ರ ವನ್ಯಜೀವಿ ಕಾಯ್ದೆ ಅಲ್ಲಿ ಕಟ್ಟುನಿಟ್ಟು. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯನ್ನು ಮೊದಲು ಕೇಳಿ. ನಿಮ್ಮದೇ ತೋಟದ ಹಳ್ಳದ ಬದಿಯಲ್ಲಿ ಇದ್ದರೆ ಅದು ನಿಮ್ಮದು.

ಬೆಳೆಸುವುದು ಬೀಜದಿಂದಲೂ ಆಗುತ್ತದೆ, ಬೇರಿನ ತುಂಡಿನಿಂದಲೂ ಆಗುತ್ತದೆ. ನೆರಳು, ತೇವ, ಎಲೆಗೊಬ್ಬರದ ಕಪ್ಪು ಮಣ್ಣು, ತಂಪು ಹವೆ ಬೇಕು. ಮಡಿಕೇರಿಯ ಕಡೆ ಬಂದೀತು, ಬೆಂಗಳೂರಿನ ತಾರಸಿ ಕುಂಡದಲ್ಲಿ ಸೊರಗುತ್ತದೆ. ಮಕ್ಕಳು, ನಾಯಿ, ಕೆಲಸದವರು ಓಡಾಡುವ ಜಾಗದಿಂದ ದೂರ ನೆಡಿ. ನೆಟ್ಟದ್ದನ್ನು ಅವರಿಗೆಲ್ಲ ತೋರಿಸಿ ಹೇಳಿಡಿ. ನಾಯಿಗೆ ಹೇಳಲಾಗುವುದಿಲ್ಲ, ಅದಕ್ಕೆ ಬೇಲಿ ಹಾಕಿ.